ವಾರ್ಬರ್ಗ್ ಅನ್ನೋ ಬ್ಯಾಂಕ್ ಎಲ್ಲಿ ಹೋಯ್ತು? (8 ಕ್ಯಾಪ್ಶನ್‌ಗಳ ಸರಣಿ)

1/8
ಯುಬಿಎಸ್ ಅನ್ನೋ ಸ್ವಿಸ್ ಬ್ಯಾಂಕಿನ ಲೋಗೊ ನೋಡಿದೀರಾ? ಕೆಂಪು ಬಣ್ಣದ ಮೂರು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಮೂರು ಬೀಗದ ಕೈ. ಅಕ್ಷರಗಳು ಒಂದು ಬ್ಯಾಂಕಿನವು, ಬೀಗದ ಕೈಗಳು ಇನ್ನೊಂದು ಬ್ಯಾಂಕಿನವು. 1998ರಲ್ಲಿ ಎರಡೂ ಸೇರಿ ಒಂದಾದಾಗ ಹೆಸರು ಒಬ್ಬರದ್ದು, ಗುರುತು ಇನ್ನೊಬ್ಬರದ್ದು ಅಂತ ಹಂಚಿಕೊಂಡರು.

ಆದ್ರೆ ಅದೇ ಲೋಗೊ ಹಿಂದೆ ಮೂರನೇ ಬ್ಯಾಂಕ್ ಒಂದಿದೆ. ಅದರ ಹೆಸರೂ ಉಳಿದಿಲ್ಲ, ಗುರುತೂ ಉಳಿದಿಲ್ಲ. ಅದೇ ಲಂಡನ್ನಿನ ಎಸ್.ಜಿ. ವಾರ್ಬರ್ಗ್. ಒಂದು ಕಾಲಕ್ಕೆ ಬ್ರಿಟನ್ನಿನ ಅತಿ ಹೆಸರುವಾಸಿ ಇನ್ವೆಸ್ಟ್‌ಮೆಂಟ್ ಬ್ಯಾಂಕ್. ಈ ಸರಣಿ ಅದರ ಬಗ್ಗೆ.

ಮೊದಲು ಒಂದು ವಿಷಯ ಕ್ಲಿಯರ್ ಮಾಡ್ಕೊಳ್ಳೋಣ. ಇನ್ವೆಸ್ಟ್‌ಮೆಂಟ್ ಬ್ಯಾಂಕಲ್ಲಿ ನಮ್ಮ ನಿಮ್ಮ ಎಸ್‌ಬಿ ಅಕೌಂಟ್ ಇರಲ್ಲ, ಎಟಿಎಂ ಇರಲ್ಲ. ಅಲ್ಲಿಗೆ ಬರೋರು ಕಂಪನಿಗಳು, ಸರ್ಕಾರಗಳು. ಐಪಿಒ ಬಂದಾಗ ಹಿಂದೆ ನಿಂತು ಬೆಲೆ ಲೆಕ್ಕ ಹಾಕೋರು, ಬಾಂಡ್ ಬಿಡುಗಡೆ ಮಾಡಿಸಿ ದುಡ್ಡು ಎತ್ತಿಕೊಡೋರು, ಒಂದು ಕಂಪನಿ ಇನ್ನೊಂದನ್ನ ಕೊಳ್ಳುವಾಗ ಸಲಹೆ ಕೊಡೋರು ಇವರೇ. ಲಂಡನ್ನಿನಲ್ಲಿ ಇಂಥವನ್ನ ಮರ್ಚೆಂಟ್ ಬ್ಯಾಂಕ್ ಅಂತಿದ್ರು.

ವಾರ್ಬರ್ಗ್ ಕಥೆಯ ತಿರುಳನ್ನ ಈಗಲೇ ಹೇಳಿಬಿಡ್ತೀನಿ. ಈ ಬ್ಯಾಂಕು ಲಂಡನ್ನಿನಲ್ಲಿ ಮುಚ್ಚಿದ್ದ ಎರಡು ಬಾಗಿಲುಗಳನ್ನ ತೆರೆಯಿತು. ಅವು ತೆರೆದಿದ್ದರಿಂದಲೇ ಅದು ದೊಡ್ಡದಾಯ್ತು. ಮೂವತ್ತು ವರ್ಷ ಕಳೆದ ಮೇಲೆ ಅದೇ ಬಾಗಿಲುಗಳಿಂದ ಒಳಗೆ ಬಂದವರು ಬ್ಯಾಂಕನ್ನೇ ಕೊಂಡುಕೊಂಡರು. ಹೇಗೆ ಅಂತ ಮುಂದೆ ನೋಡೋಣ.

2/8
ಕಥೆ ಶುರುವಾಗೋದು ಜರ್ಮನಿಯಲ್ಲಿ. ಹ್ಯಾಂಬರ್ಗ್ ಬಂದರು ನಗರದಲ್ಲಿ 1798ರಿಂದ ಎಂ.ಎಂ. ವಾರ್ಬರ್ಗ್ ಅನ್ನೋ ಕುಟುಂಬದ ಬ್ಯಾಂಕ್ ಇತ್ತು. ಸೀಗ್ಮಂಡ್ ವಾರ್ಬರ್ಗ್ ಹುಟ್ಟಿದ್ದು ಅದೇ ವಂಶದಲ್ಲಿ, 1902ರಲ್ಲಿ. ಬೆಳೆದಿದ್ದು ಮಾತ್ರ ದಕ್ಷಿಣ ಜರ್ಮನಿಯ ಒಂದು ಸಣ್ಣ ಊರಿನಲ್ಲಿ. ಆಮೇಲೆ ಕುಟುಂಬದ ಬ್ಯಾಂಕಿಗೆ ಸೇರಿ, ಬರ್ಲಿನ್ ಕಚೇರಿಯ ಜವಾಬ್ದಾರಿ ಹೊತ್ತರು.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ವಾರ್ಬರ್ಗ್‌ಗಳು ಯಹೂದಿಗಳು. ಇದು ನಾಲ್ಕು ದಿನದ ಗಲಾಟೆ, ತಣ್ಣಗಾಗುತ್ತೆ ಅಂತ ನಂಬಿದ ಯಹೂದಿಗಳು ಜರ್ಮನಿಯಲ್ಲಿ ಬಹಳ ಜನ ಇದ್ರು. ಸೀಗ್ಮಂಡ್ ನಂಬಲಿಲ್ಲ. ಹೆಂಡತಿ ಮಕ್ಕಳನ್ನ ಕರ್ಕೊಂಡು ಲಂಡನ್ನಿಗೆ ಹೋಗಿಬಿಟ್ಟರು. ಹ್ಯಾಂಬರ್ಗಿನ ಬ್ಯಾಂಕ್ 1938ರಲ್ಲಿ ಕುಟುಂಬದ ಕೈ ತಪ್ಪಿತು. ನಾಜಿಗಳು ಯಹೂದಿಗಳ ಆಸ್ತಿಯನ್ನ ಬೇರೆಯವರಿಗೆ ಬಲವಂತವಾಗಿ ವರ್ಗಾಯಿಸ್ತಿದ್ದ ಕಾಲ ಅದು. ಯುದ್ಧದ ಸಮಯದಲ್ಲಿ ಬೋರ್ಡಿನ ಮೇಲಿದ್ದ ವಾರ್ಬರ್ಗ್ ಹೆಸರನ್ನೂ ತೆಗೆಸಿ, ಬ್ರಿಂಕ್‌ಮನ್, ವಿರ್ಟ್ಸ್ ಅಂತ ಬದಲಾಯಿಸಿದರು. ಈ ಹೆಸರಿನ ವಿಷಯ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ಲಂಡನ್ನಿನಲ್ಲಿ 1934ರಲ್ಲಿ ಸೀಗ್ಮಂಡ್ ಶುರು ಮಾಡಿದ ಕಂಪನಿಯ ಹೆಸರು ನ್ಯೂ ಟ್ರೇಡಿಂಗ್ ಕಂಪನಿ. ಹೆಸರಲ್ಲಿ ವಾರ್ಬರ್ಗ್ ಇರಲಿಲ್ಲ, ಬ್ಯಾಂಕ್ ಅನ್ನೋ ಪದವೂ ಇರಲಿಲ್ಲ. ಜೊತೆಗಿದ್ದವರು ಹೆಚ್ಚಿನವರು ಇವರ ಹಾಗೇ ದೇಶ ಬಿಟ್ಟು ಬಂದವರು. ಅವರಲ್ಲಿ ಮುಖ್ಯರು ಹೆನ್ರಿ ಗ್ರುನ್‌ಫೆಲ್ಡ್. ಜರ್ಮನಿಯಲ್ಲಿ ಉಕ್ಕಿನ ವ್ಯಾಪಾರ ಮಾಡಿಕೊಂಡಿದ್ದರು, ನಾಜಿಗಳು ಬಂಧಿಸಿ ಬಿಟ್ಟ ಮೇಲೆ ಇಂಗ್ಲೆಂಡಿಗೆ ಓಡಿಬಂದರು. ಸೀಗ್ಮಂಡ್ ಹೊಸ ಐಡಿಯಾ ಹುಡುಕೋರು, ಗ್ರುನ್‌ಫೆಲ್ಡ್ ಅದನ್ನ ಕಾಗದದ ಮೇಲೆ ಲೆಕ್ಕ ಹಾಕಿ ಗಟ್ಟಿ ಮಾಡೋರು. ಐವತ್ತು ವರ್ಷಕ್ಕೆ ಹತ್ತಿರ ಈ ಜೋಡಿ ಮುರೀಲಿಲ್ಲ.

ಯುದ್ಧ ಮುಗಿದ ಮೇಲೆ, 1946ರಲ್ಲಿ ಕಂಪನಿಗೆ ಎಸ್.ಜಿ. ವಾರ್ಬರ್ಗ್ ಅಂತ ಹೆಸರಿಟ್ಟರು. ಹ್ಯಾಂಬರ್ಗಿನಲ್ಲಿ ಅಳಿಸಿದ ಹೆಸರು ಲಂಡನ್ನಿನಲ್ಲಿ ಮತ್ತೆ ಎದ್ದಿತು.

3/8
ಲಂಡನ್ನಿನ ಹಣಕಾಸು ಪೇಟೆಗೆ ಸಿಟಿ ಅಂತಾರೆ. ಅವತ್ತಿನ ಸಿಟಿ ಒಂದು ಕ್ಲಬ್ಬಿನ ಹಾಗಿತ್ತು. ಬೇರಿಂಗ್ಸ್, ಹ್ಯಾಂಬ್ರೋಸ್, ರಾಥ್ಸ್‌ಚೈಲ್ಡ್, ಲಜಾರ್ಡ್ ಇವೆಲ್ಲ ಹಳೇ ಮನೆತನಗಳು. ಎಲ್ಲರೂ ಎಲ್ಲರಿಗೂ ಗೊತ್ತು, ಒಂದೇ ಥರದ ಶಾಲೆಗಳಲ್ಲಿ ಓದಿದವರು. ಒಬ್ಬರ ಗಿರಾಕಿಯನ್ನ ಇನ್ನೊಬ್ಬರು ಕಿತ್ಕೊಳ್ಳಬಾರದು ಅನ್ನೋದು ಬರೆಯದೇ ಇದ್ದ ನಿಯಮ. ಅಲ್ಲಿ ಜರ್ಮನ್ ಉಚ್ಚಾರದಲ್ಲಿ ಇಂಗ್ಲಿಷ್ ಮಾತಾಡೋ ವಲಸಿಗರಿಗೆ ಯಾರು ಮಣೆ ಹಾಕ್ತಾರೆ ಹೇಳಿ?

ಹಾಗಾಗಿ ಇವರು ಹಿಡಿದಿದ್ದು ಕೆಲಸವನ್ನ. ಬೆಳಗ್ಗೆ ಎಲ್ಲರೂ ಕೂತು ಮೀಟಿಂಗ್. ಗಿರಾಕಿ ಜೊತೆ ಆಡಿದ ಮಾತೆಲ್ಲ ಮೆಮೊ ಆಗಿ ಬರೆದಿಡಬೇಕು. ಒಂದು ಪತ್ರ ಹೊರಗೆ ಹೋಗೋ ಮುಂಚೆ ಇನ್ನೊಬ್ಬರ ಕಣ್ಣು ತಪ್ಪದೆ ಅದರ ಮೇಲೆ ಬೀಳಬೇಕು. ಒಬ್ಬ ಗಿರಾಕಿಯ ವಿಷಯ ಒಬ್ಬರಿಗೆ ಮಾತ್ರ ಗೊತ್ತಿರೋದು ಅನ್ನೋದೇ ಇರಬಾರದು. ಬರವಣಿಗೆ ತಪ್ಪಿದ್ರೆ ಸೀಗ್ಮಂಡ್‌ಗೆ ಕೋಪ ನೆತ್ತಿಗೇರ್ತಿತ್ತು. ಉಳಿದ ಬ್ಯಾಂಕಿನವರು ಮನೆಗೆ ಹೋದ ಮೇಲೂ ಇಲ್ಲಿ ದೀಪ ಉರೀತಿರ್ತಿತ್ತು.

ಒಂದು ವಿಚಿತ್ರ ಪದ್ಧತಿಯೂ ಇತ್ತು. ಕೆಲಸಕ್ಕೆ ಅರ್ಜಿ ಹಾಕಿದವರ ಕೈಬರಹವನ್ನ ತಜ್ಞರಿಗೆ ಕಳಿಸಿ ಸ್ವಭಾವ ಹೇಗಿದೆ ಅಂತ ಕೇಳ್ತಿದ್ರು. ಇದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅನ್ನೋದು ಇವತ್ತಿನ ಮನಶ್ಶಾಸ್ತ್ರದ ಅಭಿಪ್ರಾಯ. ಆದ್ರೆ ಒಬ್ಬರನ್ನ ಸೇರಿಸಿಕೊಳ್ಳೋಕೆ ಮುಂಚೆ ಅಷ್ಟು ತಲೆ ಕೆಡಿಸಿಕೊಳ್ತಿದ್ರು ಅನ್ನೋದು ಗಮನಿಸಿ. ಬ್ಯಾಂಕು ತೀರಾ ದೊಡ್ಡದಾಗೋದರ ಬಗ್ಗೆ ಸೀಗ್ಮಂಡ್‌ಗೆ ಯಾವಾಗಲೂ ಅನುಮಾನ. ಜನ ಕಮ್ಮಿ ಇರಲಿ, ಗುಣಮಟ್ಟ ಇರಲಿ ಅನ್ನೋದು ಅವರ ಹಟ.

1957ರಲ್ಲಿ ಸೆಲಿಗ್ಮನ್ ಬ್ರದರ್ಸ್ ಅನ್ನೋ ಹಳೇ ಬ್ಯಾಂಕನ್ನ ಇವರು ಕೊಂಡರು. ಅದರ ಮೂಲಕ ಸಿಟಿಯ ಮೇಲ್ಪಂಕ್ತಿಯ ಬ್ಯಾಂಕುಗಳ ಸಮಿತಿಯಲ್ಲಿ ಜಾಗ ಸಿಕ್ಕಿತು. ಅಂದ್ರೆ ಇವರೂ ಮೇಲಕ್ಕೆ ಹತ್ತಿದ್ದು ಇನ್ನೊಂದು ಬ್ಯಾಂಕನ್ನ ಒಳಗೆ ಹಾಕ್ಕೊಂಡೇ.

4/8
ಮೊದಲ ಬಾಗಿಲು: 1958ರ ಅಲ್ಯೂಮಿನಿಯಂ ಜಗಳ.

ಬ್ರಿಟಿಷ್ ಅಲ್ಯೂಮಿನಿಯಂ ಅನ್ನೋ ಕಂಪನಿಗೆ ಬಂಡವಾಳದ ಅಗತ್ಯ ಇತ್ತು. ಅದರ ಅಧ್ಯಕ್ಷರು ಲಾರ್ಡ್ ಪೋರ್ಟಲ್, ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಮುಖ್ಯಸ್ಥರಾಗಿದ್ದವರು. ಆಡಳಿತ ಮಂಡಳಿ ಅಮೆರಿಕದ ಅಲ್ಕೋವಾ ಜೊತೆ ಸದ್ದಿಲ್ಲದೆ ಒಪ್ಪಂದ ಮಾಡ್ಕೊಂಡಿತು. ಹೊಸ ಶೇರುಗಳನ್ನ ತಲಾ 60 ಷಿಲಿಂಗ್‌ಗೆ ಕೊಡೋದು ಅಂತ.

ಅದೇ ಸಮಯಕ್ಕೆ ಅಮೆರಿಕದ ರೆನಾಲ್ಡ್ಸ್ ಮೆಟಲ್ಸ್ ಮತ್ತು ಬ್ರಿಟನ್ನಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಸೇರಿ ಸುಮಾರು 78 ಷಿಲಿಂಗ್ ಕೊಡ್ತೀವಿ ಅಂತ ಬಂದವು. ಇವರ ಸಲಹೆಗಾರ ವಾರ್ಬರ್ಗ್. ಆಡಳಿತ ಮಂಡಳಿ ಬೇಡ ಅಂದಿತು. ಕಂಪನಿಯ ಪರ ಹ್ಯಾಂಬ್ರೋಸ್, ಲಜಾರ್ಡ್ ಸೇರಿ ಸಿಟಿಯ ದೊಡ್ಡ ದೊಡ್ಡವರೆಲ್ಲ ನಿಂತರು.

ಈಗ ಯೋಚನೆ ಮಾಡಿ. ನಿಮ್ಮ ಹತ್ರ ಆ ಕಂಪನಿಯ ಶೇರು ಇದೆ. ಮ್ಯಾನೇಜ್‌ಮೆಂಟ್ 60ಕ್ಕೆ ಒಪ್ಪಿ ಆಗಿದೆ, ನಿಮಗೆ ಹೇಳಿಲ್ಲ. ಹೊರಗಿನವರು 78 ಕೊಡ್ತೀವಿ ಅಂತಿದಾರೆ. ನೀವು ಯಾರ ಮಾತು ಕೇಳ್ತೀರಾ?

ಸೀಗ್ಮಂಡ್ ಹಿಡಿದಿದ್ದು ಇದೇ ಎಳೆ. ಮಂಡಳಿಯನ್ನ ಬಿಟ್ಟು ನೇರವಾಗಿ ಶೇರುದಾರರ ಹತ್ರ ಹೋದರು. ಪತ್ರಿಕೆಗಳಿಗೆ ವಿಷಯ ವಿವರಿಸಿದರು. ಮಾರುಕಟ್ಟೆಯಲ್ಲಿ ಸಿಕ್ಕ ಶೇರುಗಳನ್ನ ಕೊಂಡುಕೊಳ್ತಾ ಹೋದರು. 1959ರ ಜನವರಿಯಲ್ಲಿ ಇವರ ಕಡೆಗೆ ಬಹುಮತ ಬಂತು.

ಸಿಟಿಯ ಹಿರಿಯರಿಗೆ ಇದು ಅವಮಾನ ಅನ್ನಿಸ್ತು. ಆದ್ರೆ ಅವತ್ತಿನಿಂದ ಬ್ರಿಟನ್ನಿನಲ್ಲಿ ಒಂದು ಮಾತು ಸ್ಥಿರವಾಯ್ತು. ಕಂಪನಿ ಯಾರ ಕೈಗೆ ಹೋಗಬೇಕು ಅಂತ ಹೇಳೋರು ಶೇರುದಾರರು. ಮಂಡಳಿಯಲ್ಲಿ ಎಷ್ಟೇ ದೊಡ್ಡ ಮನುಷ್ಯರಿದ್ರೂ ಹೆಚ್ಚು ಬೆಲೆ ಕೊಟ್ಟವರಿಗೆ ದಾರಿ ಬಿಡಲೇಬೇಕು. ವಾರ್ಬರ್ಗ್ ಕೂಡ ಶೇರು ಮಾರುಕಟ್ಟೆಯಲ್ಲಿ ಲಿಸ್ಟ್ ಆಗಿದ್ದ ಕಂಪನಿಯೇ ಅನ್ನೋದು ಇಲ್ಲಿ ನೆನಪಿರಲಿ.

5/8
ಎರಡನೇ ಬಾಗಿಲು: ಯೂರೋಬಾಂಡ್. ಪರೀಕ್ಷೆಗೆ ಓದ್ತಿರೋ ಫೈನಾನ್ಸ್ ಸ್ಟೂಡೆಂಟ್ಸ್ ಇದನ್ನ ಸೇವ್ ಮಾಡ್ಕೊಳ್ಳಿ.

ಮೊದಲೇ ಹೇಳ್ತೀನಿ, ಇದಕ್ಕೂ ಯೂರೋ ಕರೆನ್ಸಿಗೂ ಸಂಬಂಧ ಇಲ್ಲ. ಯೂರೋ ಹುಟ್ಟಿದ್ದು 1999ರಲ್ಲಿ, ಯೂರೋಬಾಂಡ್ ಹುಟ್ಟಿದ್ದು 1963ರಲ್ಲಿ. ಒಂದು ದೇಶದ ಕರೆನ್ಸಿಯಲ್ಲಿ, ಆ ದೇಶದ ಹೊರಗೆ ಬಿಡುಗಡೆಯಾಗೋ ಬಾಂಡ್‌ಗೆ ಈ ಹೆಸರು.

ಯುದ್ಧದ ನಂತರ ಯೂರೋಪಿನ ಬ್ಯಾಂಕುಗಳಲ್ಲಿ ಡಾಲರ್ ರಾಶಿ ಬೀಳ್ತಾ ಹೋಯ್ತು. ಅಮೆರಿಕಕ್ಕೆ ವಾಪಸ್ ಹೋಗದೆ ಇಲ್ಲೇ ಸುತ್ತುತ್ತಿದ್ದ ಡಾಲರ್. ಆದ್ರೆ ಯೂರೋಪಿನ ಒಂದು ಕಂಪನಿಗೆ ಡಾಲರ್ ಸಾಲ ಬೇಕಂದ್ರೆ ನ್ಯೂಯಾರ್ಕಿಗೇ ಹೋಗಬೇಕು, ಅಲ್ಲಿನ ಬ್ಯಾಂಕುಗಳಿಗೆ ಕಮಿಷನ್ ಕೊಡಬೇಕು. ಎಷ್ಟೋ ಸಲ ಆ ಬಾಂಡ್‌ಗಳನ್ನ ಕೊಳ್ತಿದ್ದವರೂ ಯೂರೋಪಿನವರೇ! ದುಡ್ಡು ಇಲ್ಲಿದೆ, ಸಾಲ ಕೇಳೋರೂ ಇಲ್ಲಿದಾರೆ, ಮಧ್ಯದಲ್ಲಿ ನ್ಯೂಯಾರ್ಕ್ ಯಾಕೆ ಅನ್ನೋದು ಸೀಗ್ಮಂಡ್ ಪ್ರಶ್ನೆ.

ಅಡ್ಡ ಬಂದಿದ್ದು ತೆರಿಗೆ ಮತ್ತು ಕಾನೂನು. ದಾರಿ ಹುಡುಕಿದ ರೀತಿ ನೋಡಿ:
• ಹಣ ಬೇಕಾಗಿದ್ದು ಇಟಲಿಯ ಒಂದು ಉಕ್ಕಿನ ಕಂಪನಿಗೆ. ಆದ್ರೆ ಬಾಂಡ್ ಬಂದಿದ್ದು ಅದೇ ಸರ್ಕಾರಿ ಗುಂಪಿನ ಹೆದ್ದಾರಿ ಕಂಪನಿ ಆಟೊಸ್ಟ್ರಾಡೆ ಹೆಸರಲ್ಲಿ. ಕಾರಣ, ಅದು ತೆರಿಗೆ ಮುರಿದುಕೊಳ್ಳದೆ ಪೂರ್ತಿ ಬಡ್ಡಿ ಕೊಡಬಹುದಿತ್ತು.
• ಲಂಡನ್ನಿನಲ್ಲಿ ಬಾಂಡ್ ಹೊರಡಿಸಿದ್ರೆ ಸ್ಟ್ಯಾಂಪ್ ಡ್ಯೂಟಿ ಬೀಳ್ತಿತ್ತು. ಹಾಗಾಗಿ ಕಾಗದಪತ್ರದ ಕೆಲಸ ಆಗಿದ್ದು ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ.
• ಬಡ್ಡಿ ಪಡೆಯೋ ವ್ಯವಸ್ಥೆ ಲಕ್ಸೆಂಬರ್ಗಿನಲ್ಲಿ.
• ಮೊತ್ತ 1.5 ಕೋಟಿ ಡಾಲರ್, ಬಡ್ಡಿ ಶೇ. 5.5.

ಆಟೊಸ್ಟ್ರಾಡೆ ಒಪ್ಪಂದ ಆಗಿದ್ದು 1963ರ ಜುಲೈ ಮೊದಲಲ್ಲಿ. ಅದೇ ತಿಂಗಳು ಅಮೆರಿಕದ ಅಧ್ಯಕ್ಷ ಕೆನಡಿ, ವಿದೇಶಿ ಬಾಂಡ್ ಕೊಳ್ಳೋ ಅಮೆರಿಕನ್ನರ ಮೇಲೆ ಹೊಸ ತೆರಿಗೆಯ ಪ್ರಸ್ತಾಪ ಇಟ್ಟರು. ನ್ಯೂಯಾರ್ಕಿನಲ್ಲಿ ಸಾಲ ಎತ್ತೋದು ದುಬಾರಿ ಆಯ್ತು, ಡಾಲರ್ ವ್ಯಾಪಾರ ಲಂಡನ್ನಿಗೆ ಹರಿದು ಬಂತು. ಬ್ರಿಟನ್ ಸಾಮ್ರಾಜ್ಯ ಕಳ್ಕೊಳ್ತಿದ್ದ ಹೊತ್ತಲ್ಲಿ ಸಿಟಿ ಮತ್ತೆ ಜಗತ್ತಿನ ಹಣದ ಪೇಟೆ ಆಗಿದ್ದಕ್ಕೆ ಇದು ದೊಡ್ಡ ಕಾರಣ.

ಆದ್ರೆ ದುಡ್ಡಿನ ಜೊತೆ ಜನರೂ ಬಂದರು. ಅಮೆರಿಕದ, ಸ್ವಿಟ್ಜರ್ಲೆಂಡಿನ, ಜಪಾನಿನ ಬ್ಯಾಂಕುಗಳು ಲಂಡನ್ನಿನಲ್ಲಿ ಕಚೇರಿ ತೆರೆದು ಬೇರು ಬಿಡತೊಡಗಿದವು.

6/8
ಸೀಗ್ಮಂಡ್ ವಾರ್ಬರ್ಗ್ 1982ರ ಅಕ್ಟೋಬರಿನಲ್ಲಿ ತೀರಿಕೊಂಡರು. ನಾಲ್ಕು ವರ್ಷದ ನಂತರ ಲಂಡನ್ನಿನ ಆಟದ ನಿಯಮಗಳೇ ಬದಲಾದವು.

1986ರ ಅಕ್ಟೋಬರ್ 27. ಇದಕ್ಕೆ ಬಿಗ್ ಬ್ಯಾಂಗ್ ಅಂತಾರೆ. ಅದಕ್ಕೆ ಮುಂಚೆ ಲಂಡನ್ ಶೇರುಪೇಟೆಯಲ್ಲಿ ಬ್ರೋಕರ್ ಬೇರೆ, ಜಾಬರ್ ಬೇರೆ. ಗಿರಾಕಿ ಪರವಾಗಿ ಕೊಳ್ಳೋದು ಮಾರೋದು ಬ್ರೋಕರ್ ಕೆಲಸ. ತನ್ನ ದುಡ್ಡಲ್ಲಿ ಶೇರು ಇಟ್ಕೊಂಡು ವ್ಯಾಪಾರ ಮಾಡೋದು ಜಾಬರ್ ಕೆಲಸ. ಕಮಿಷನ್ ದರ ನಿಗದಿಯಾಗಿತ್ತು, ಹೊರಗಿನವರಿಗೆ ಪ್ರವೇಶ ಕಷ್ಟ. ಒಂದೇ ದಿನದಲ್ಲಿ ಈ ಗೋಡೆಗಳೆಲ್ಲ ಬಿದ್ದವು.

ಈಗ ಎಲ್ಲವನ್ನೂ ಒಂದೇ ಸೂರಿನಡಿ ಮಾಡಬಹುದು. ಡೇವಿಡ್ ಸ್ಕೋಲಿ ನೇತೃತ್ವದ ವಾರ್ಬರ್ಗ್ ಕೂಡ ಹಾಗೇ ಮಾಡಿತು. ರೋವ್ ಅಂಡ್ ಪಿಟ್‌ಮನ್, ಮಲ್ಲೆನ್ಸ್ ಅನ್ನೋ ಬ್ರೋಕರ್‌ಗಳು, ಆಕ್ರಾಯ್ಡ್ ಅಂಡ್ ಸ್ಮಿದರ್ಸ್ ಅನ್ನೋ ಜಾಬರ್, ಮೂರನ್ನೂ ಸೇರಿಸಿಕೊಂಡಿತು. ಇದರಲ್ಲಿ ಮಲ್ಲೆನ್ಸ್ ಸರ್ಕಾರದ ಸಾಲಪತ್ರಗಳನ್ನ ನಿಭಾಯಿಸ್ತಿದ್ದ ಸಂಸ್ಥೆ. ಮೂರೂ ಹಳೇ ಹೆಸರುಗಳು, ಕ್ರಮೇಣ ಮೂರೂ ಮಾಯ. ವಿಲೀನದಲ್ಲಿ ಹೆಸರು ಕಳ್ಕೊಳ್ಳೋ ಕಥೆಯಲ್ಲಿ ವಾರ್ಬರ್ಗ್ ಇಲ್ಲಿ ನುಂಗೋ ಕಡೆ ಇತ್ತು.

ಕೆಲವು ವರ್ಷ ಎಲ್ಲ ಚೆನ್ನಾಗೇ ನಡೀತು. ಬಿಗ್ ಬ್ಯಾಂಗ್ ಗೆದ್ದ ಬ್ರಿಟಿಷ್ ಬ್ಯಾಂಕ್ ಅಂದ್ರೆ ವಾರ್ಬರ್ಗ್ ಅಂತ ಎಲ್ಲರೂ ಹೇಳ್ತಿದ್ರು. ಆದ್ರೆ ಒಳಗೆ ಬದಲಾಗಿದ್ದೇನು ನೋಡಿ. ಸಲಹೆ ಕೊಡೋ ಕೆಲಸಕ್ಕೆ ಬೇಕಾಗಿದ್ದು ತಲೆ, ನಂಬಿಕೆ, ಒಂದಿಷ್ಟು ಜನ. ಶೇರು ಬಾಂಡ್ ಇಟ್ಕೊಂಡು ವ್ಯಾಪಾರ ಮಾಡೋಕೆ ಬೇಕಾಗೋದು ರಾಶಿ ಬಂಡವಾಳ. ಮಾರುಕಟ್ಟೆ ಬಿದ್ರೆ ನಷ್ಟ ನೇರ ಬ್ಯಾಂಕಿನ ಮೇಲೇ. ಅಮೆರಿಕದ ಬ್ಯಾಂಕುಗಳಿಗೆ ಹಿಂದೆ ದೊಡ್ಡ ಸ್ವದೇಶಿ ಮಾರುಕಟ್ಟೆ ಇತ್ತು. ವಾರ್ಬರ್ಗ್‌ಗೆ ಇರಲಿಲ್ಲ. ಅವರಿಗೆ ಸರಿಸಮ ನಿಲ್ಲೋಕೆ ನ್ಯೂಯಾರ್ಕ್, ಟೋಕಿಯೊ ಅಂತ ಎಲ್ಲ ಕಡೆ ಜನ ಸೇರಿಸ್ತಾ ಹೋದ್ರು, ಖರ್ಚು ಏರ್ತಾ ಹೋಯ್ತು. ಪ್ರತಿ ಪತ್ರವನ್ನೂ ಇನ್ನೊಬ್ಬರು ಓದಬೇಕು ಅನ್ನೋ ಪದ್ಧತಿ ಅಷ್ಟು ದೊಡ್ಡ ಸಂಸ್ಥೆಯಲ್ಲಿ ಹೇಗೆ ನಡೆಯುತ್ತೆ?

7/8
1994ರ ಫೆಬ್ರವರಿಯಲ್ಲಿ ಅಮೆರಿಕದ ಫೆಡರಲ್ ರಿಸರ್ವ್ ಬಡ್ಡಿ ದರ ಏರಿಸೋಕೆ ಶುರು ಮಾಡಿತು. ಬಡ್ಡಿ ಏರಿದ್ರೆ ಹಳೇ ಬಾಂಡ್‌ಗಳ ಬೆಲೆ ಬೀಳುತ್ತೆ, ನೆನಪಿದೆಯಲ್ಲ? ಜಗತ್ತಿನ ಬಾಂಡ್ ಪೇಟೆಗಳೆಲ್ಲ ಕುಸಿದವು. ಅಕ್ಟೋಬರ್ ಹೊತ್ತಿಗೆ, ಲಾಭ ನಿರೀಕ್ಷೆಗಿಂತ ಬಹಳ ಕಮ್ಮಿ ಇರುತ್ತೆ ಅಂತ ವಾರ್ಬರ್ಗ್ ಬಹಿರಂಗವಾಗಿ ಹೇಳಬೇಕಾಗಿ ಬಂತು.

ಡಿಸೆಂಬರಿನಲ್ಲಿ ಸುದ್ದಿ ಹೊರಬಿತ್ತು: ಅಮೆರಿಕದ ಮಾರ್ಗನ್ ಸ್ಟ್ಯಾನ್ಲಿ ಜೊತೆ ವಿಲೀನದ ಮಾತುಕತೆ. ಒಂದೇ ವಾರದಲ್ಲಿ ಅದು ಮುರಿದುಬಿತ್ತು. ಯಾಕೆ ಗೊತ್ತಾ? ವಾರ್ಬರ್ಗ್ ಕೈಯಲ್ಲಿ ಮರ್ಕ್ಯುರಿ ಅಸೆಟ್ ಮ್ಯಾನೇಜ್‌ಮೆಂಟ್ ಅನ್ನೋ ಕಂಪನಿಯ ಶೇ. 75ರಷ್ಟು ಪಾಲಿತ್ತು. ಪಿಂಚಣಿ ನಿಧಿಗಳಂಥ ಬೇರೆಯವರ ದುಡ್ಡನ್ನ ಹೂಡಿಕೆ ಮಾಡಿ ನೋಡ್ಕೊಳ್ಳೋ ಕಂಪನಿ ಅದು. ಮಾರ್ಗನ್ ಸ್ಟ್ಯಾನ್ಲಿ ಕಣ್ಣಿದ್ದಿದ್ದು ಮುಖ್ಯವಾಗಿ ಅದರ ಮೇಲೆ. ಷರತ್ತುಗಳ ವಿಷಯದಲ್ಲಿ ಮರ್ಕ್ಯುರಿಯವರ ಜೊತೆ ಒಮ್ಮತ ಆಗಲಿಲ್ಲ.

ಮಾತುಕತೆ ಮುರಿದಿದ್ದಕ್ಕಿಂತ ಅದು ಎಲ್ಲರಿಗೂ ಗೊತ್ತಾಗಿದ್ದು ಹೆಚ್ಚು ಪೆಟ್ಟು ಕೊಟ್ಟಿತು. ಒಂಟಿಯಾಗಿ ಇರೋಕಾಗಲ್ಲ ಅಂತ ಬ್ಯಾಂಕೇ ಒಪ್ಪಿಕೊಂಡ ಹಾಗಾಯ್ತಲ್ಲ! ಒಳ್ಳೇ ಉದ್ಯೋಗಿಗಳು ಒಬ್ಬೊಬ್ಬರಾಗಿ ಎದುರಾಳಿ ಬ್ಯಾಂಕುಗಳಿಗೆ ಹೊರಟರು. 1995ರ ಜನವರಿಯಲ್ಲಿ ಖರ್ಚು ಉಳಿಸೋಕೆ ಯೂರೋಬಾಂಡ್ ವ್ಯವಹಾರದ ಬಹುಪಾಲನ್ನೇ ಕೈಬಿಟ್ಟರು. ಆ ಮಾರುಕಟ್ಟೆ ಹುಟ್ಟಿಸಿದ ಬ್ಯಾಂಕೇ ಅದರಿಂದ ಹೊರಗೆ ಬಂತು. ಫೆಬ್ರವರಿಯಲ್ಲಿ ಬೇರಿಂಗ್ಸ್ ಮುಳುಗಿತು. ಸಿಂಗಾಪುರದಲ್ಲಿ ಕೂತಿದ್ದ ಟ್ರೇಡರ್ ನಿಕ್ ಲೀಸನ್ ಮಾಡಿದ ನಷ್ಟದಿಂದ ಮುಳುಗಿದ ಆ ಬ್ಯಾಂಕ್, ಡಚ್ಚರ ಐಎನ್‌ಜಿಗೆ ಒಂದು ಪೌಂಡ್‌ಗೆ ಮಾರಾಟವಾಯ್ತು.

ವಾರ್ಬರ್ಗ್ ಬೇರಿಂಗ್ಸ್ ಥರ ಮುಳುಗಲಿಲ್ಲ, ಮೋಸ ನಡೆದಿರಲಿಲ್ಲ. ಆದ್ರೂ 1995ರ ಮೇ ತಿಂಗಳಲ್ಲಿ ಬಾಸೆಲ್ ನಗರದ ಸ್ವಿಸ್ ಬ್ಯಾಂಕ್ ಕಾರ್ಪೊರೇಷನ್, ಇನ್ವೆಸ್ಟ್‌ಮೆಂಟ್ ಬ್ಯಾಂಕನ್ನ ಸುಮಾರು 86 ಕೋಟಿ ಪೌಂಡ್‌ಗೆ ಕೊಂಡಿತು. ಶೇರುದಾರರು ಒಪ್ಪಿದರು. 1958ರಲ್ಲಿ ಸೀಗ್ಮಂಡ್ ಸಿಟಿಗೆ ಕಲಿಸಿದ್ದೂ ಅದೇ ಅಲ್ವಾ, ಬೆಲೆ ಕೊಟ್ಟವರಿಗೆ ಕಂಪನಿ ಅಂತ. ಕೊಂಡವರು ವಿದೇಶಿಯರು. 1963ರಲ್ಲಿ ಲಂಡನ್ನಿಗೆ ವಿದೇಶಿ ಹಣದ ದಾರಿ ಮಾಡಿಕೊಟ್ಟಿದ್ದೂ ಅವರೇ.

ಇನ್ನೊಂದು ಲೆಕ್ಕ ಕೇಳಿ. ಮರ್ಕ್ಯುರಿಯನ್ನ ಈ ಮಾರಾಟದಲ್ಲಿ ಸೇರಿಸಿರಲಿಲ್ಲ, ಅದರ ಶೇರುಗಳನ್ನ ವಾರ್ಬರ್ಗ್ ಶೇರುದಾರರಿಗೇ ಹಂಚಿದರು. ಎರಡೇ ವರ್ಷದಲ್ಲಿ, 1997ರಲ್ಲಿ ಅಮೆರಿಕದ ಮೆರಿಲ್ ಲಿಂಚ್ ಅದನ್ನ 310 ಕೋಟಿ ಪೌಂಡ್‌ಗೆ ಕೊಂಡಿತು. ಹೆಸರು ಮಾಡಿದ ಬ್ಯಾಂಕಿಗೆ ಸಿಕ್ಕಿದ್ದಕ್ಕಿಂತ ಮೂರು ಪಟ್ಟು ಜಾಸ್ತಿ. ಆ ವ್ಯವಹಾರ 2006ರಲ್ಲಿ ಬ್ಲ್ಯಾಕ್‌ರಾಕ್ ಒಳಗೆ ಸೇರಿತು.

8/8
ಇನ್ನು ಹೆಸರಿನ ಪಯಣ.

1995: ಎಸ್‌ಬಿಸಿ ವಾರ್ಬರ್ಗ್.
1997: ಅಮೆರಿಕದ ಡಿಲನ್ ರೀಡ್ ಕೊಂಡ ಮೇಲೆ ಎಸ್‌ಬಿಸಿ ವಾರ್ಬರ್ಗ್ ಡಿಲನ್ ರೀಡ್.
1998: ಸ್ವಿಸ್ ಬ್ಯಾಂಕ್ ಕಾರ್ಪೊರೇಷನ್ ಮತ್ತು ಯೂನಿಯನ್ ಬ್ಯಾಂಕ್ ಆಫ್ ಸ್ವಿಟ್ಜರ್ಲೆಂಡ್ ಒಂದಾಗಿ ಯುಬಿಎಸ್. ಇದು ವಾರ್ಬರ್ಗ್ ಡಿಲನ್ ರೀಡ್.
2000: ಯುಬಿಎಸ್ ವಾರ್ಬರ್ಗ್.
2003: ಬರೀ ಯುಬಿಎಸ್.

ಎಂಟು ವರ್ಷ. ಒಂದೊಂದು ಮೀಟಿಂಗಿನಲ್ಲಿ ಒಂದೊಂದು ಪದ ಉದುರಿತು ಅಂದ್ಕೊಳ್ಳಿ. ಹಳೇ ಜೊತೆಗಾರ ಗ್ರುನ್‌ಫೆಲ್ಡ್ ತೊಂಬತ್ತು ದಾಟಿದ ಮೇಲೂ ಆಫೀಸಿಗೆ ಬರ್ತಿದ್ರು. ಮಾರಾಟವನ್ನೂ ನೋಡಿದರು, ಎರಡು ಸಲ ಹೆಸರು ಬದಲಾಗಿದ್ದನ್ನೂ ನೋಡಿದರು. 1999ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು. ಹೆಸರು ಪೂರ್ತಿ ಹೋಗಿದ್ದನ್ನ ನೋಡೋಕೆ ಅವರಿರಲಿಲ್ಲ.

ಭಾಗ 2ರಲ್ಲಿ ನೆನಪಿಟ್ಕೊಳ್ಳಿ ಅಂದಿದ್ದೆ. ಹ್ಯಾಂಬರ್ಗಿನಲ್ಲಿ ನಾಜಿಗಳು ತೆಗೆಸಿದ ಹೆಸರು 1991ರಲ್ಲಿ ಪೂರ್ತಿಯಾಗಿ ವಾಪಸ್ ಬಂತು. ಎಂ.ಎಂ. ವಾರ್ಬರ್ಗ್ ಅನ್ನೋ ಬ್ಯಾಂಕ್ ಇವತ್ತಿಗೂ ಅಲ್ಲಿದೆ. ದಬ್ಬಾಳಿಕೆಯಿಂದ ಅಳಿಸಿದ ಹೆಸರನ್ನ ವಾಪಸ್ ತರೋಕೆ ಜನ ಇದ್ರು, ಅದಕ್ಕೊಂದು ಕಾರಣ ಇತ್ತು. ಲಂಡನ್ನಿನಲ್ಲಿ ಯಾರೂ ಯಾರನ್ನೂ ಓಡಿಸಲಿಲ್ಲ. ಬೆಲೆ ಕೊಟ್ಟರು, ತಗೊಂಡರು, ಎಲ್ಲ ಕಡೆ ಒಂದೇ ಬ್ರ್ಯಾಂಡ್ ಇರಲಿ ಅಂತ ಬೋರ್ಡ್ ಬದಲಾಯಿಸಿದರು. ಅದನ್ನ ವಾಪಸ್ ತನ್ನಿ ಅಂತ ಕೇಳೋರು ಯಾರು?

ಸುದ್ದಿಯಲ್ಲಿ ನೀವು ಓದೋ ವಾರ್ಬರ್ಗ್ ಪಿಂಕಸ್ ಬೇರೆ. ಏರ್‌ಟೆಲ್‌ನಲ್ಲಿ, ಕಲ್ಯಾಣ್ ಜ್ಯುವೆಲರ್ಸ್‌ನಲ್ಲಿ ದುಡ್ಡು ಹಾಕಿದ್ದ ಅಮೆರಿಕದ ಹೂಡಿಕೆ ಸಂಸ್ಥೆ ಅದು. ಬೇರು ಅದೇ ಕುಟುಂಬದ್ದು, ಆದ್ರೆ ಶುರು ಮಾಡಿದ್ದು ಸೀಗ್ಮಂಡ್ ಸಂಬಂಧಿ ಎರಿಕ್ ವಾರ್ಬರ್ಗ್.

ಹಾಗಾದ್ರೆ ತಪ್ಪು ಎಲ್ಲಾಯ್ತು? ದೊಡ್ಡದಾಗಿದ್ದೇ ತಪ್ಪು ಅಂತ ಸುಲಭವಾಗಿ ಹೇಳಿಬಿಡಬಹುದು. ಲಜಾರ್ಡ್, ರಾಥ್ಸ್‌ಚೈಲ್ಡ್ ಸಲಹೆಯ ಕೆಲಸಕ್ಕೇ ಹೆಚ್ಚು ಅಂಟಿಕೊಂಡು ಇವತ್ತಿಗೂ ಹೆಸರು ಉಳಿಸ್ಕೊಂಡಿವೆ, ನಿಜ. ಆದ್ರೆ ಮಾರ್ಗನ್ ಗ್ರೆನ್‌ಫೆಲ್, ಕ್ಲೈನ್‌ವರ್ಟ್ ಬೆನ್ಸನ್, ಹ್ಯಾಂಬ್ರೋಸ್ ಒಂದೊಂದು ಒಂದೊಂದು ದಾರಿ ಹಿಡಿದರೂ ಎಲ್ಲವೂ ವಿದೇಶಿ ಬ್ಯಾಂಕುಗಳ ಪಾಲಾದವು. ಇಡೀ ಪೇಟೆಯೇ ಆ ಕಡೆ ವಾಲಿತ್ತು. ನನಗೆ ಅನ್ನಿಸೋದು ಇಷ್ಟು: ಸೀಗ್ಮಂಡ್ ಕಾಲದ ವಾರ್ಬರ್ಗ್ ಬೇರೆಯವರು ಮಾಡದ ಕೆಲಸ ಹುಡುಕಿ ಗೆದ್ದಿತು. 1986ರ ನಂತರದ ವಾರ್ಬರ್ಗ್ ಬೇರೆಯವರು ಮಾಡ್ತಿದ್ದ ಕೆಲಸವನ್ನೇ ಅವರಿಗಿಂತ ಕಮ್ಮಿ ದುಡ್ಡಲ್ಲಿ ಮಾಡೋಕೆ ಹೋಯ್ತು. ಹೆಸರು ಅದೇ ಇದ್ದಿದ್ದರಿಂದ ಈ ವ್ಯತ್ಯಾಸ ಬಹಳ ದಿನ ಯಾರ ಕಣ್ಣಿಗೂ ಬೀಳಲಿಲ್ಲ.

ಮುಂದೆ ಕ್ಯಾಂಪಸ್‌ಗೆ ದೊಡ್ಡ ಹೆಸರಿನ ಕಂಪನಿ ಬಂದಾಗ ಇದು ನೆನಪಿರಲಿ. ಬೋರ್ಡ್ ಮೇಲಿರೋ ಹೆಸರನ್ನ ಗಳಿಸಿಕೊಟ್ಟ ಕೆಲಸವನ್ನ ಅವರು ಈಗಲೂ ಮಾಡ್ತಿದಾರಾ ಅಂತ ಒಂದು ಪ್ರಶ್ನೆ ಕೇಳಿ.

ನೀವೇನಂತೀರಾ? 1986ರಲ್ಲಿ ವಾರ್ಬರ್ಗ್ ಸಣ್ಣದಾಗೇ ಉಳೀಬೇಕಿತ್ತಾ, ಇಲ್ಲ ಬೇರೆ ದಾರಿನೇ ಇರಲಿಲ್ವಾ? ಕಾಮೆಂಟಲ್ಲಿ ಬರೀರಿ, ಫೈನಾನ್ಸ್ ಓದ್ತಿರೋ ಫ್ರೆಂಡ್‌ಗೆ ಕಳಿಸಿ.

#ಹಣದಇತಿಹಾಸ #ಕನ್ನಡದಲ್ಲಿಇತಿಹಾಸ #ವಾರ್ಬರ್ಗ್